ಎರಡು ಬಿಲ್ಲಿಗೆ ಒಂದೇ ಹೆದೆ

ನನ್ನ ಗಂಡನ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಮುಂದಿನದೆಲ್ಲ ಗಂಡ ಹೆಂಡಿರ ತಮಾಷೆಯ ಹಾಗೆ ಕೇಳಿಸುತ್ತದೆ. ಮೈಸೂರಿನಲ್ಲಿ ಇಬ್ಬರೂ ಒಂದೇ ಇಂಜಿನಿಯರಿಂಗ್ ಕಾಲೇಜಿನಲ್ಲಿ, ಒಂದೇ ಕ್ಲಾಸಿನಲ್ಲಿ ಓದಿದವರು. ಹಿಂದಿನ ಬೆಂಚಿನಲ್ಲಿ ಕೂತು ನನ್ನ ಡ್ರಾಯಿಂಗ್ ಶೀಟ್ ಇಣುಕಿ ನೋಡಿ ಗೆರೆ ಎಳೆಯುತ್ತಿದ್ದವನು ಅವನು. ಮದುವೆಯಾಗಿ ಸಿಂಗಾಪುರಕ್ಕೆ ಬಂದ ಮೇಲೆ ಅವನ ಕೊರಳಿಗೆ ರಿಫೈನರಿಯ ಬ್ಯಾಡ್ಜ್ ಬಿತ್ತು, ನನ್ನ ಪಾಸ್‌ಪೋರ್ಟಿಗೆ ಡಿಪೆಂಡೆಂಟ್ ಎಂಬ ಮುದ್ರೆ ಬಿತ್ತು. ಇಂಟರ್‌ವ್ಯೂಗೆ ಹೋದಲ್ಲೆಲ್ಲ ನನ್ನ ಮಾರ್ಕ್ಸ್ ಕಾರ್ಡನ್ನು ಮೆಚ್ಚಿಕೊಂಡು, ತಿಳಿಸುತ್ತೇವೆ ಎಂದು ಕಳಿಸುತ್ತಿದ್ದರು.

ಆಗ ತೊಂಬತ್ತರ ದಶಕದ ನಡುಮಧ್ಯ. ನಾವಿದ್ದದ್ದು ಕ್ಲೆಮೆಂಟಿಯ ಬಾಡಿಗೆ ಫ್ಲ್ಯಾಟಿನಲ್ಲಿ. ರಿಫೈನರಿ ಇದ್ದ ದ್ವೀಪಕ್ಕೆ ಇನ್ನೂ ರಸ್ತೆ ಆಗಿರಲಿಲ್ಲ. ಬೆಳಗ್ಗೆ ಕಂಪನಿ ಬಸ್ಸು ಅವನನ್ನು ಜೆಟ್ಟಿಯ ತನಕ ಒಯ್ಯುತ್ತಿತ್ತು, ಅಲ್ಲಿಂದ ಲಾಂಚು. ನಾನು ಅಡುಗೆಮನೆಯ ಕಿಟಕಿಯಿಂದ ಬಿದಿರು ಗಳದ ಮೇಲೆ ಅವನ ಬಾಯ್ಲರ್ ಸೂಟನ್ನು ಒಣಹಾಕುತ್ತಾ ಆ ಬಸ್ಸು ತಿರುವಿನಲ್ಲಿ ಮರೆಯಾಗುವುದನ್ನು ನೋಡುತ್ತಿದ್ದೆ. ಸಂಜೆ ಬಂದು "ಸಾಕಾಯ್ತು ಕಣೆ ಇವತ್ತು" ಎಂದು ಅವನು ಸೋಫಾದ ಮೇಲೆ ಬಿದ್ದುಕೊಂಡರೆ, ಆ ಸುಸ್ತಿನ ಮೇಲೂ ನನಗೆ ಹೊಟ್ಟೆ ಉರಿಯುತ್ತಿತ್ತು. ನನಗೂ ಸಾಕಾಗಿರುತ್ತಿತ್ತು, ಆದರೆ ಏನು ಮಾಡಿ ಸಾಕಾಯಿತು ಎಂದು ಹೇಳಲು ಬರುತ್ತಿರಲಿಲ್ಲ.

ಅವನ ಬಾಸ್ ಒಬ್ಬ ಆಸ್ಟ್ರೇಲಿಯಾದವನು. ಕಾಂಟ್ರ್ಯಾಕ್ಟಿನ ಮೇಲೆ ಬಂದಿದ್ದ, ಎತ್ತರದ ಆಳು, ಬ್ರಿಟಿಷರ ಕಾಲದ ಹಳೆಯ ಬಂಗಲೆಯಲ್ಲಿದ್ದ. ಒಂದು ಭಾನುವಾರ ತನ್ನ ಕೈಕೆಳಗಿನವರನ್ನೆಲ್ಲ ಸಂಸಾರ ಸಮೇತ ಊಟಕ್ಕೆ ಕರೆದ. ಅವನ ಹಾಲಿನ ಗೋಡೆಯ ತುಂಬ ಬಿಲ್ಲುಗಳು. ಆಳೆತ್ತರದ, ಬರೀ ಮರದ, ಅವನೇ ಕೆತ್ತಿದ ಬಿಲ್ಲುಗಳು. ಪ್ರತಿವರ್ಷ ಊರಿಗೆ ಹೋದಾಗ ಅವುಗಳಲ್ಲೊಂದನ್ನು ಹಿಡಿದು ಕ್ವೀನ್ಸ್‌ಲ್ಯಾಂಡಿನ ಕಬ್ಬಿನ ಗದ್ದೆಗಳ ಕಡೆ ಹಂದಿ ಬೇಟೆಗೆ ಹೋಗುತ್ತಾನಂತೆ. ಅಲ್ಲಿ ಕಾಡುಹಂದಿಗಳ ಕಾಟ ಹೇಳತೀರದು, ರೈತರೇ ಕರೆದು ಹೊಡೆಯಿರಿ ಅನ್ನುತ್ತಾರಂತೆ. ಈ ವರ್ಷ ಅವನ ಕಾಂಟ್ರ್ಯಾಕ್ಟ್ ಮುಗಿಯುತ್ತಿತ್ತು, ಹೋದವನು ಮತ್ತೆ ಬರುವವನಲ್ಲ.

"ನಿಮ್ಮಲ್ಲಿ ಯಾರಾದರೂ ಸ್ವಂತ ಕೈಯಿಂದ ಒಂದು ಬಿಲ್ಲು ಮಾಡಿದರೆ ನನ್ನ ಜೊತೆ ಕರೆದುಕೊಂಡು ಹೋಗುತ್ತೇನೆ" ಎಂದು ಅವನು ಇಂಗ್ಲಿಷಿನಲ್ಲಿ ಹೇಳಿದ. "ಆದರೆ ಗಾಡಿಯಲ್ಲಿ ನಾನು, ನನ್ನ ತಮ್ಮ, ನಾಯಿ. ಉಳಿಯುವುದು ಒಂದೇ ಸೀಟು." ಅವನು ಈ ಮಾತು ಹೇಳಿದ್ದು ಗಂಡಸರನ್ನು ನೋಡಿಕೊಂಡು. ನಾವು ಹೆಂಗಸರು ಪೇಪರ್ ಪ್ಲೇಟು ಹಿಡಿದುಕೊಂಡು ಇನ್ನೊಂದು ತುದಿಯಲ್ಲಿದ್ದೆವು. ನನ್ನ ಗಂಡ, "ನಾನು ಟ್ರೈ ಮಾಡ್ತೀನಿ" ಎಂದ. ಅವನಿಗೆ ಬಿಲ್ಲಿನ ಗಂಧಗಾಳಿ ಇರಲಿಲ್ಲ, ಯಾರೋ ಒಬ್ಬರು ಹೂಂ ಅನ್ನಬೇಕಿತ್ತು, ಅಂದ.

"ನಾನೂ ಮಾಡ್ತೀನಿ" ಎಂದೆ ನಾನು, ಪ್ಲೇಟು ಕೆಳಗಿಟ್ಟು.

ಎಲ್ಲರೂ ನಕ್ಕರು, ನನ್ನ ಗಂಡನೂ ನಕ್ಕ. ಬಾಸ್ ನಗಲಿಲ್ಲ. ಯಾರು ಮಾಡಿದರೂ ತನಗೆ ಒಂದೇ, ಎಂದ. ಒಳಗಿನಿಂದ ಮೀನು ತೂಗುವ ಸ್ಪ್ರಿಂಗ್ ತಕ್ಕಡಿಯೊಂದನ್ನು ತಂದು ತೋರಿಸಿದ. ಬಿಲ್ಲಿನ ದಾರವನ್ನು ಈ ಕೊಕ್ಕೆಗೆ ಸಿಕ್ಕಿಸಿ, ಅದರ ಒಡೆಯ ತನ್ನ ತೋಳು ಎಷ್ಟು ಉದ್ದವೋ ಅಷ್ಟು ಎಳೆಯಬೇಕು. ಮುಳ್ಳು ನಲವತ್ತು ಪೌಂಡು ದಾಟಬೇಕು. ಅದಕ್ಕಿಂತ ಕಡಿಮೆಯಾದರೆ ಬಾಣ ಹಂದಿಗೆ ಗಾಯ ಮಾಡುತ್ತದೆಯೇ ಹೊರತು ಕೊಲ್ಲುವುದಿಲ್ಲ, ಅಂಥ ಬಿಲ್ಲನ್ನು ತಾನು ಗಾಡಿ ಹತ್ತಿಸುವುದಿಲ್ಲ. ದಾಟಿದವರು ಇಬ್ಬರಿದ್ದರೆ ಯಾರ ಗುರಿ ಚೆನ್ನಾಗಿದೆಯೋ ಅವರು.

ನನಗೆ ಆ ತಕ್ಕಡಿಯ ಮೇಲೆ ಅಲ್ಲೇ ಪ್ರೀತಿ ಹುಟ್ಟಿತು. ಅದಕ್ಕೆ ವೀಸಾ ಗೊತ್ತಿರಲಿಲ್ಲ. ಹಂದಿಯ ಮಾತು ಬಿಡಿ, ನಮ್ಮ ಮನೆಯಲ್ಲಿ ಹಂದಿ ಸಾರು ಹೊಸತೇನಲ್ಲ. ಆದರೆ ನನಗೆ ಬೇಕಾಗಿದ್ದದ್ದು ಆ ಸೀಟು. ಈ ಊರಿಗೆ ಬಂದ ಮೇಲೆ ನನ್ನ ಹೆಸರಿನಲ್ಲಿ ಯಾರೂ ಒಂದು ಕುರ್ಚಿಯನ್ನೂ ಇಟ್ಟಿರಲಿಲ್ಲ.

ಅಂಗಡಿಯಲ್ಲಿ ಸಿಗುವ ಬಿಲ್ಲಿನ ಬೆಲೆ ನಮ್ಮ ಬಾಡಿಗೆಗಿಂತ ಜಾಸ್ತಿ, ಬಿಲ್ಲು ಮಾಡಲೆಂದೇ ಕೊಯ್ದ ಮರ ಅದಕ್ಕೂ ಜಾಸ್ತಿ. ನಮಗೆ ಸಿಕ್ಕಿದ್ದು ಓಕ್ ಹಲಗೆ. ಯಾವುದೋ ಕಾಂಡೋ ಅಪಾರ್ಟ್‌ಮೆಂಟಿನ ನೆಲಕ್ಕೆ ಹಾಕಿ ಉಳಿದದ್ದನ್ನು ಕಂಟ್ರಾಕ್ಟರನೊಬ್ಬ ಗೋಡೆಗೆ ಒರಗಿಸಿಟ್ಟಿದ್ದ. ಬಾಸ್ ಹೇಳಿಕೊಟ್ಟಿದ್ದ ಹಾಗೆ, ಮರದ ಗೆರೆಗಳು ಈ ತುದಿಯಿಂದ ಆ ತುದಿಯ ತನಕ ಅಡ್ಡ ಹಾಯದೆ ನೇರವಾಗಿ ಓಡಬೇಕು. ಗೆರೆ ಅಂಚಿಗೆ ಹಾಯ್ದು ಹೋದಲ್ಲಿ ಬಿಲ್ಲು ಮುರಿಯುತ್ತದೆ. ನಾನು ಆ ರಾಶಿಯನ್ನೆಲ್ಲ ಬಿಸಿಲಿಗೆ ಹಿಡಿದು ನೋಡಿ, ಇರುವುದರಲ್ಲಿ ನೆಟ್ಟಗಿದ್ದ ಒಂದನ್ನು ಆರಿಸಿಕೊಂಡೆ. ನನ್ನ ಗಂಡ ಮೇಲಿದ್ದದ್ದನ್ನು ಎತ್ತಿಕೊಂಡ. ಅದರ ಗೆರೆಗಳೂ ನೇರವಾಗಿಯೇ ಇದ್ದವು, ಮೇಲಾಗಿ ನಡುವೆ ಒಂದು ಕಂದು ಪಟ್ಟೆ, ರೇಷ್ಮೆ ಸೀರೆಯ ಅಂಚಿನ ಹಾಗೆ. ಅವನ ಹಣೆಬರಹವೇ ಹಾಗೆ. ಹುಡುಕದೆ ಸಿಗುತ್ತದೆ.

ಆಯುಧಗಳೆಂದರೆ ಒಂದು ಅರ, ಒಂದು ಹಳೆಯ ಚಾಕು, ಮರಳು ಕಾಗದ. ಬಿಲ್ಲಿನ ಬೆನ್ನು, ಎಂದರೆ ಹೊರಮೈ, ಸಿಗುರು ಏಳಬಾರದೆಂದು ಅದಕ್ಕೆ ಬಟ್ಟೆ ಅಂಟಿಸಬೇಕು. ಒಳ್ಳೆಯ ರೇಷ್ಮೆಯಾದರೆ ಭೇಷ್ ಎಂದಿದ್ದ ಬಾಸ್. ಧಾರೆಯ ದಿನ ನನ್ನ ಗಂಡ ಉಟ್ಟಿದ್ದ ರೇಷ್ಮೆ ಪಂಚೆಯನ್ನು ಹೊರತೆಗೆದು ಉದ್ದಕ್ಕೆ ಎರಡು ಪಟ್ಟಿ ಕತ್ತರಿಸಿದೆ. "ನನ್ನ ಸೀರೆ ಯಾಕೆ ಕತ್ತರಿಸಬೇಕು?" ಎಂದೆ. ಅವನು ಅಂಟು ಕಲಸಿಕೊಟ್ಟ.

ಹಗಲು ಮನೆಯಲ್ಲಿ ಹೆರೆದರೆ ಪುಡಿಯೆಲ್ಲ ಅನ್ನಕ್ಕೆ ಬೀಳುತ್ತದೆಂದು ಹಲಗೆಯನ್ನು ಲಿಫ್ಟಿನಲ್ಲಿ ಇಳಿಸಿಕೊಂಡು ವಾಯ್ಡ್ ಡೆಕ್ಕಿಗೆ, ಎಂದರೆ ನಮ್ಮ ಕಟ್ಟಡದ ಕೆಳಗಿನ ಖಾಲಿ ಅಂಗಳಕ್ಕೆ, ಒಯ್ಯುತ್ತಿದ್ದೆ. ಅಲ್ಲಿ ಚದುರಂಗ ಆಡುವ ಕಲ್ಲಿನ ಮೇಜಿನ ಮೇಲೆ ಅದನ್ನಿಟ್ಟು ಅರ ಉಜ್ಜುವುದು. ಪಕ್ಕದ ಮನೆಯ ಚೀನೀ ಆಂಟಿ ಮಾರ್ಕೆಟ್ಟಿನಿಂದ ಬರುತ್ತಾ ನಿಂತು, "ಮೇಕ್ ವಾಟ್, ಆ?" ಎಂದಳು. ಬಿಲ್ಲು ಅಂದರೆ ಪೊಲೀಸರಿಗೆ ಹೇಳಿಯಾಳೆಂದು ಕರ್ಟನ್ ರಾಡ್ ಎಂದೆ. "ಶಾಪ್ ಗಾಟ್ ಸೆಲ್ ಲಾ, ಸೋ ಚೀಪ್" ಎಂದು ನನ್ನ ಮೇಲೆ ಕನಿಕರ ತೋರಿಸಿ ಹೋದಳು.

ಬಿಲ್ಲು ಮಾಡುವುದರಲ್ಲಿ ಕೆತ್ತುವುದು ಸಣ್ಣ ಕೆಲಸ. ಬಗ್ಗಿಸುವುದೇ ದೊಡ್ಡದು. ಏಣಿಯ ಹಾಗೆ ಹಲ್ಲು ಕೊರೆದ ಒಂದು ಮರದ ತುಂಡಿನ ಮೇಲೆ ಬಿಲ್ಲನ್ನು ಕೂರಿಸಿ, ದಾರವನ್ನು ಒಂದೊಂದೇ ಹಲ್ಲಿಗೆ ಇಳಿಸುತ್ತಾ ಹೋಗಬೇಕು. ದೂರ ನಿಂತು ನೋಡಬೇಕು. ಬಿಲ್ಲಿನ ಎಡಭಾಗ ಎಷ್ಟು ಬಾಗಿತು, ಬಲಭಾಗ ಎಷ್ಟು ಬಾಗಿತು, ಎಲ್ಲಿ ಮರ ಮೊಂಡು ಹಿಡಿದು ನಿಂತಿದೆ. ಮೊಂಡು ಹಿಡಿದ ಕಡೆ ನಾಲ್ಕು ಸಲ ಹೆರೆದು ಮತ್ತೆ ಕಟ್ಟಿ ನೋಡಬೇಕು. ಹೆಚ್ಚು ಹೆರೆದರೆ ಬಲ ಹೋಯಿತು, ಹೋದದ್ದು ವಾಪಸ್ ಬರುವುದಿಲ್ಲ. ನಾನು ದಿನವಿಡೀ ಇದರಲ್ಲೇ ಇರುತ್ತಿದ್ದೆ. ಅನ್ನಕ್ಕಿಟ್ಟು ಬಂದು ಒಂದು ಸಲ, ಕುಕ್ಕರ್ ಕೂಗಿದ ಮೇಲೆ ಒಂದು ಸಲ. ಯುಗಾದಿಗೆ ಶುರುಮಾಡಿದ್ದು ಗಣೇಶನ ಹಬ್ಬದ ಹೊತ್ತಿಗೆ ಒಂದು ಹದಕ್ಕೆ ಬಂತು.

ಅವನು ಶನಿವಾರ ಮಾತ್ರ ಕೂರುತ್ತಿದ್ದ, ಏನೋ ಗುನುಗಿಕೊಂಡು. ಹೆರೆದ ಹಾಗೆ ಕಾಣುತ್ತಿರಲಿಲ್ಲ, ಮರವನ್ನು ತಡವಿದ ಹಾಗಿರುತ್ತಿತ್ತು. ಆದರೂ ಅವನ ಬಿಲ್ಲು ಎರಡು ಕಡೆಯೂ ಸಮವಾಗಿ ಬಾಗುತ್ತಾ ಬಂತು. ನಾನು ವಾರವೆಲ್ಲ ಬೆರಳು ಕೊಯ್ದುಕೊಂಡು ಮಾಡಿದ್ದನ್ನು ಅವನು ಒಂದು ಮಧ್ಯಾಹ್ನ ಮಾಡಿ, ಕೈ ತೊಳೆದು, "ಕಾಫಿ ಮಾಡ್ಲಾ?" ಅನ್ನುತ್ತಿದ್ದ. ನನಗೆ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು. ಅವನು ಕೆಟ್ಟವನಾಗಿದ್ದರೆ, ನನ್ನದನ್ನು ನೋಡಿ ಮೂಗು ಮುರಿದಿದ್ದರೆ, ಜಗಳವಾಡಿ ಹಗುರಾಗಬಹುದಿತ್ತು. ಕಾಫಿ ಮಾಡಿಕೊಡುವವನ ಜೊತೆ ಎಂಥ ಜಗಳ?

ಬಿಲ್ಲಿಗೆ ಕಟ್ಟುವ ದಾರಕ್ಕೆ ಹೆದೆ ಅನ್ನುತ್ತಾರೆ. ಮೀನಿನ ಗಾಳದ ನೈಲಾನ್ ಹಾಕಿ ನೋಡಿದೆವು, ಹಿಗ್ಗಿತು. ದರ್ಜಿಯ ದಾರ ಹೊಸೆದು ನೋಡಿದೆವು, ಕಿತ್ತು ನನ್ನ ಕೆನ್ನೆಗೆ ಬಾರಿಸಿತು. ಕೊನೆಗೆ ಬಾಸ್ ತನ್ನ ಪೆಟ್ಟಿಗೆಯಿಂದ ಊರಿನಿಂದ ತಂದಿದ್ದ ಒಂದು ಒಳ್ಳೆಯ ಹೆದೆ ಕೊಟ್ಟ. ಇದ್ದದ್ದು ಒಂದೇ. ಎರಡೂ ಬಿಲ್ಲು ಒಂದೇ ಉದ್ದವಾದ್ದರಿಂದ ಅದು ಎರಡಕ್ಕೂ ಆಗುತ್ತಿತ್ತು. ಕೊಡುವಾಗ ಅವನು ಹೇಳಿದ ಮಾತು ಇದು. "ಬಾಣ ಬಿಡುವಾಗ ಮಾತ್ರ ಏರಿಸಿ, ಮುಗಿದ ತಕ್ಷಣ ಇಳಿಸಿ. ಏರಿಸಿಟ್ಟ ಬಿಲ್ಲು ಬಾಗಿದ್ದನ್ನೇ ಅಭ್ಯಾಸ ಮಾಡಿಕೊಳ್ಳುತ್ತದೆ. ಈ ಊರಿನ ಸೆಕೆಯಲ್ಲಂತೂ ಇನ್ನೂ ಬೇಗ."

ಭಾನುವಾರ ಅವನ ಬಂಗಲೆಯ ಹಿತ್ತಿಲಿನಲ್ಲಿ ಹುಲ್ಲಿನ ಪಿಂಡಿಗೆ ಬಾಣ ಬಿಡುತ್ತಿದ್ದೆವು. ಮೊದಲು ನನ್ನ ಗಂಡನ ಬಿಲ್ಲಿಗೆ ಹೆದೆ, ಆಮೇಲೆ ಇಳಿಸಿ ನನ್ನದಕ್ಕೆ. ಅಲ್ಲಿ ಮಾತ್ರ ನನ್ನ ಕೈ ಮೇಲಾಯಿತು. ಹುಲ್ಲಿನ ಮೇಲೆ ಅಂಟಿಸಿದ್ದ ತಟ್ಟೆಯಷ್ಟಗಲದ ಕಾಗದಕ್ಕೆ ನನ್ನ ಬಾಣಗಳು ಒಂದರ ಪಕ್ಕ ಒಂದು ನಾಟುತ್ತಿದ್ದವು. ಅವನವು ಕಾಗದದ ಸುತ್ತಮುತ್ತ ಸುಖವಾಗಿ ಹರಡಿಕೊಂಡಿರುತ್ತಿದ್ದವು. ತಕ್ಕಡಿಗೆ ಹಾಕಿದಾಗ ನನ್ನದು ನಲವತ್ತಮೂರು, ಅವನದು ನಲವತ್ತೆರಡು. ಬಾಸ್ ನನ್ನ ಬೆನ್ನು ತಟ್ಟಿದ. ನವರಾತ್ರಿ ಕಳೆದ ಮೇಲಿನ ಭಾನುವಾರ ಕೊನೆಯ ಸಲ ಅಳೆಯೋಣ, ಅದಾದ ಮೇಲೆ ಟಿಕೆಟ್ ಬುಕ್ ಮಾಡಿಬಿಡಿ, ಎಂದ. ಹಂದಿಯ ಚಿತ್ರ ಬರೆದು ತೋರಿಸಿದ. ಹಂದಿ ಅಡ್ಡಲಾಗಿ ನಿಂತಿರಬೇಕು, ನಮ್ಮ ಕಡೆಯ ಮುಂಗಾಲು ಮುಂದಕ್ಕೆ ಇಟ್ಟಿರಬೇಕು, ಆಗ ಆ ಕಾಲಿನ ಹಿಂದೆ ಎದೆ ತೆರೆದಿರುತ್ತದೆ. ಅಲ್ಲೊಂದು ಚುಕ್ಕೆ ಗೀಚಿದ. ನಾನು ಆ ಚಿತ್ರವನ್ನು ಫ್ರಿಜ್ಜಿನ ಮೇಲೆ ಅಂಟಿಸಿದೆ.

"ನೀನೇ ಹೋಗ್ತೀಯ ಬಿಡು" ಎಂದ ನನ್ನ ಗಂಡ ಬಸ್ಸಿನಲ್ಲಿ. "ನಂಗೆ ಆ ಟೈಮಲ್ಲಿ ರಿಫೈನರಿ ಶಟ್‌ಡೌನ್ ಕೆಲ್ಸ ಬೇರೆ ಇದೆ."

ಇಲ್ಲಿಗೇ ನಿಂತಿದ್ದರೆ ನಾನು ಹೋಗಿಬರುತ್ತಿದ್ದೆ. ಆದರೆ ಆ ವಾರ ನಮ್ಮ ಮನೆಗೆ ಮೈಸೂರು ಕಡೆಯವರೇ ಒಬ್ಬ ಆಂಟಿ ಬಂದರು. ಅವರ ಯಜಮಾನರು ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದರು, ಕನ್ನಡದವರ ಮನೆಗಳಲ್ಲಿ ಅವರ ಮಾತಿಗೆ ತೂಕ. ಗೋಡೆಗೆ ಒರಗಿಸಿದ್ದ ಬಿಲ್ಲುಗಳನ್ನು ನೋಡಿದರು. ಅವನು ತನ್ನದಕ್ಕೆ ಎಣ್ಣೆ ಹಚ್ಚಿ ಉಜ್ಜಿ, ಹಿಡಿಗೆ ಹಳೆಯ ಬೆಲ್ಟಿನ ಚರ್ಮ ಸುತ್ತಿದ್ದ. ಕಂದು ಪಟ್ಟೆ ಮಿರಮಿರ ಮಿಂಚುತ್ತಿತ್ತು.

"ಅಯ್ಯೋ, ಎಷ್ಟ್ ಚೆನ್ನಾಗ್ ಮಾಡಿದಾರೆ ನಿಮ್ಮೆಜಮಾನ್ರು! ಒಳ್ಳೆ ಟೀಕ್ ಫರ್ನಿಚರ್ ಥರ ಇದೆ. ಇದೇನು, ಸ್ಪೇರ್ ಮಾಡಿಟ್ಕೊಂಡಿದಾರಾ?"

"ಅದು ನಂದು ಆಂಟಿ. ಅದೇ ಜಾಸ್ತಿ ಸ್ಟ್ರಾಂಗು."

"ಓ, ನೀನೂ ಟೈಮ್‌ಪಾಸ್‌ಗೆ ಮಾಡಿದ್ಯಾ? ಗುಡ್ ಗುಡ್. ಮನೇಲಿ ಒಬ್ಳೇ ಇರ್ತೀಯಲ್ಲ, ಬೋರ್ ಆಗುತ್ತೆ." ಅಷ್ಟು ಹೇಳಿ ಅವರು ಮತ್ತೆ ಅವನ ಬಿಲ್ಲಿನ ಕಡೆ ತಿರುಗಿ, ಆಯುಧಪೂಜೆಗೆ ಎಲ್ಲರನ್ನೂ ಕರೆ, ಎಲ್ಲರೂ ನೋಡಲಿ, ಎಂದರು. ಅವನು ಒಳಗಿನಿಂದ, "ಬರ್ಲಿ ಬರ್ಲಿ" ಎಂದ. ಸ್ಪೇರ್ ಎಂಬ ಮಾತು ನನ್ನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು.

ಆಯುಧಪೂಜೆಯ ದಿನ ಬೆಳಗ್ಗೆ ಹಾಲಿನಲ್ಲಿ ಮಣೆ ಹಾಕಿ ಕಂಪ್ಯೂಟರು, ಮಿಕ್ಸಿ, ಇಸ್ತ್ರಿ ಪೆಟ್ಟಿಗೆ, ಅವನ ಸ್ಪ್ಯಾನರು, ಕತ್ತರಿ, ಅರ ಎಲ್ಲ ಜೋಡಿಸಿದೆ. ಸೆರಂಗೂನ್ ರಸ್ತೆಯಿಂದ ಚೆಂಡುಹೂವು ತಂದಿದ್ದೆ. ಎರಡೂ ಬಿಲ್ಲು ಗೋಡೆಗೆ ಒರಗಿದವು. ಹೆದೆ ಇಲ್ಲದ ಬಿಲ್ಲನ್ನು ನೀವು ನೋಡಿದ್ದರೆ ಗೊತ್ತಿರುತ್ತದೆ, ಅದು ಬರೀ ಕೋಲು. ಹೆದೆ ಏರಿಸಿದ ಮೇಲೇ ಅದು ಕ್ಯಾಲೆಂಡರಿನ ರಾಮನ ಕೈಯಲ್ಲಿರುವ ವಸ್ತುವಾಗುವುದು.

"ಹೆದೆ ನಂದಕ್ಕೆ ಹಾಕ್ತೀನಿ" ಎಂದೆ.

"ಪೂಜೆಗೆ ಹೆದೆ ಯಾಕೆ? ಹಾಗೇ ಇಡು."

"ಬಂದೋರು ಕರ್ಟನ್ ರಾಡ್ ಅಂದ್ಕೋಬೇಕಾ?"

"ಸರಿ, ಹಾಕ್ಕೋ ಮಾರಾಯ್ತಿ" ಎಂದು ಅವನು ಸ್ನಾನಕ್ಕೆ ಹೋದ. ನಾನು ಬಿಲ್ಲಿನ ಒಂದು ತುದಿಯನ್ನು ಕಾಲಿಗೆ ಅಡ್ಡಗೊಟ್ಟು, ಮಂಡಿಯಿಂದ ಒತ್ತಿ ಬಗ್ಗಿಸಿ ಹೆದೆ ಏರಿಸಿದೆ. ಅದು ಎದ್ದು ನಿಂತ ಚೆಂದಕ್ಕೆ ನನ್ನ ಎದೆಯೇ ಉಬ್ಬಿತು. ಅರಿಶಿನ ಕುಂಕುಮ ಇಟ್ಟೆ. ಇದ್ದುದರಲ್ಲಿ ದೊಡ್ಡ ಹಾರವನ್ನು ನೀರು ಚಿಮುಕಿಸಿ ಅದಕ್ಕೇ ತೊಡಿಸಿದೆ. ಮಂಗಳಾರತಿ ಮಾಡಿದೆ. ಸಂಜೆ ಬಂದವರೆಲ್ಲ ನೇರ ನನ್ನ ಬಿಲ್ಲಿನ ಹತ್ತಿರವೇ ಹೋದರು. ಅಂಕಲ್‌ಗಳು ಹೆದೆಯನ್ನು ಮುಟ್ಟದೆ ಬಗ್ಗಿ ನೋಡಿದರು. ಬ್ಯಾಂಕಿನ ಆಂಟಿ ಕೂಡ, "ಇದು ನಿಂದೇನೇ?" ಎಂದು ಎರಡು ಸಲ ಕೇಳಿದರು. ಅವನ ಕಂದು ಪಟ್ಟೆಯ ಕೋಲನ್ನು ಯಾರೂ ತಿರುಗಿ ನೋಡಲಿಲ್ಲ. ಆ ಸಂಜೆ ನನಗಾದ ಖುಷಿಯನ್ನು ನಾನು ಮುಚ್ಚಿಡುವುದಿಲ್ಲ. ಕೋಸಂಬರಿಗೆ ಉಪ್ಪು ಹೆಚ್ಚಾಗಿದ್ದೂ ಗೊತ್ತಾಗಲಿಲ್ಲ.

ಎಲ್ಲರೂ ಹೋದ ಮೇಲೆ ಅವನು ಎಲೆ ಎತ್ತುತ್ತಾ, "ಹೆದೆ ಬಿಚ್ಚಲ್ವಾ?" ಎಂದ.

ಬಾಸ್ ಹೇಳಿದ್ದು ನನಗೆ ಬೆಳಗಿನಿಂದ ನೆನಪೇ ಆಗಿರಲಿಲ್ಲ. ಆದರೆ ಪೂಜೆಗಿಟ್ಟ ಆಯುಧವನ್ನು ಮರುದಿನ ವಿಜಯದಶಮಿಯ ಪೂಜೆಯಾಗುವ ತನಕ ಮುಟ್ಟುವಂತಿಲ್ಲ. ನಮ್ಮ ಮನೆಯಲ್ಲಿ ಅಪ್ಪ ಆ ದಿನ ಸ್ಕೂಟರಿನ ಸ್ಟ್ಯಾಂಡ್ ಕೂಡ ತೆಗೆಯುತ್ತಿರಲಿಲ್ಲ. ಅಮ್ಮ ಈಳಿಗೆಮಣೆ ಪೂಜೆಗಿಟ್ಟು ಮೊಸರನ್ನ ಕಲಸುತ್ತಿದ್ದಳು.

"ಪೂಜೆ ಆಗಿದೆ. ಮುಟ್ಟಬಾರದು" ಎಂದೆ.

"ದೇವ್ರು ಏನೂ ಅಂದ್ಕೊಳಲ್ಲ ಕಣೆ. ಬಿಚ್ಚಿಬಿಡು. ಬೇಕಿದ್ರೆ ನಾನು ಬಿಚ್ತೀನಿ, ಪಾಪ ನಂಗೆ ಬರ್ಲಿ."

ಅವನು ಹಾಗೆ ಹೇಳದೆ ಇದ್ದಿದ್ದರೆ ಬಿಚ್ಚುತ್ತಿದ್ದೆನೇನೋ. ಪಾಪವನ್ನೂ ಅವನೇ ಹೊತ್ತುಕೊಂಡು ದೊಡ್ಡವನಾಗುವುದು ನನಗೆ ಬೇಕಿರಲಿಲ್ಲ. ಜೊತೆಗೆ ಮರುದಿನ ಇನ್ನೆರಡು ಸಂಸಾರ ಬರುವುದಿತ್ತು. ನನ್ನ ಬಿಲ್ಲು ಕೋಲಾಗಿ ನಿಂತರೆ, ಇರುವ ಎರಡು ಕೋಲುಗಳಲ್ಲಿ ಚೆಂದದ್ದು ಯಾವುದೆಂದು ಯಾರಿಗಾದರೂ ಕಾಣುತ್ತದೆ. ನನ್ನ ಬಿಲ್ಲನ್ನು ಮುಟ್ಟಿದರೆ ಸರಿ ಇರುವುದಿಲ್ಲ, ಎಂದೆ. ಅವನು ಕೈ ಎತ್ತಿಬಿಟ್ಟ.

ಮರುದಿನ ಪೂಜೆ ಮುಗಿಸಿದ ಮೇಲೂ, ಮಧ್ಯಾಹ್ನದವರು ನೋಡಲಿ, ಸಂಜೆಯವರು ನೋಡಲಿ ಎಂದು ಹಾಗೆಯೇ ಬಿಟ್ಟೆ. ಕೆಳಗೆ ದೀಪ ಉರಿಯುತ್ತಿತ್ತು, ಮೇಲೆ ಒದ್ದೆ ಹಾರ, ಸುತ್ತಲೂ ಆ ಊರಿನ ಬೆವರುವ ಗಾಳಿ. ಸಂಜೆಯವರು ಹೋದ ಮೇಲೆ ಹಾರ ತೆಗೆದು, ಮಂಡಿ ಕೊಟ್ಟು ಹೆದೆ ಇಳಿಸಿದೆ. ಬಿಲ್ಲು ನೆಟ್ಟಗಾಗಲಿಲ್ಲ. ಹೆದೆ ನನ್ನ ಕೈಯಲ್ಲಿತ್ತು, ಬಿಲ್ಲು ಅದಿನ್ನೂ ಇದೆ ಎಂಬಂತೆ ಬಾಗಿಯೇ ನಿಂತಿತ್ತು. ಹಿಂದಕ್ಕೆ ಬಗ್ಗಿಸಿದೆ, ಹಾಸಿಗೆಯ ಕೆಳಗೆ ಭಾರ ಹೇರಿ ಇಟ್ಟೆ, ಕೊಡವಿದೆ, ಬೈದೆ. ಏನು ಮಾಡಿದರೂ ಅದು ಹಾಗೆಯೇ.

ಭಾನುವಾರ ತಕ್ಕಡಿಯ ಮುಳ್ಳು ಮೂವತ್ತೈದಕ್ಕೆ ನಿಂತಿತು. ನಾನು ಇನ್ನಷ್ಟು ಎಳೆಯಲು ನೋಡಿದೆ, ತೋಳು ಅಷ್ಟೇ ಇದ್ದದ್ದು. ಅವನದು ಮೊದಲಿನ ಹಾಗೇ ನಲವತ್ತೆರಡು.

"ಇದಕ್ಕೆ ಏನು ಮಾಡಿದಿರಿ?" ಎಂದ ಬಾಸ್, ಬಿಲ್ಲಿನ ಬೆನ್ನನ್ನು ಸವರುತ್ತಾ. ಪೂಜೆ ಮಾಡಿದೆವು ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅವನು, ದೇವರಿಗೆ ಹೆದೆ ಕಾಣಲೇಬೇಕೆಂದು ನಿಯಮವಿದೆಯೇ ಎಂದು ಕೇಳಿದ. ಕೊಂಕಿಗಲ್ಲ, ನಿಜವಾಗಿ ತಿಳಿದುಕೊಳ್ಳಲೆಂದೇ ಕೇಳಿದ. ಅಂಥ ನಿಯಮ ಇಲ್ಲ ಎಂದೆ.

ನನ್ನ ಗಂಡ ತನ್ನ ಬಿಲ್ಲನ್ನು ನನಗೆ ಚಾಚಿದ. "ತಗೋ, ಇದ್ರಲ್ಲಿ ನೋಡು. ಇದನ್ನೇ ತಗೊಂಡ್ ಹೋಗು." ಎಲ್ಲರೆದುರಿಗೆ, ಒಂದು ಕ್ಷಣ ಯೋಚಿಸದೆ, ಕೊಡೆ ಕೊಡುವ ಹಾಗೆ. ಒಳ್ಳೆಯತನದಲ್ಲೂ ನನ್ನನ್ನು ಹಿಂದೆ ಹಾಕಿದನಲ್ಲ ಎಂದು ಕಣ್ಣಲ್ಲಿ ನೀರು ಬಂತು. ಆದರೂ ತೆಗೆದುಕೊಂಡೆ. ಆ ಸೀಟಿಗಾಗಿ ಅಷ್ಟು ಸೋಲಲು ತಯಾರಿದ್ದೆ. ಆ ಬಿಲ್ಲು ಅವನ ಉದ್ದ ತೋಳಿಗೆ ಹದ ಮಾಡಿದ್ದು, ನನ್ನ ತೋಳು ಎಳೆಯುವಷ್ಟು ಎಳೆದರೆ ಮೂವತ್ತೇಳು. ಬಾಸ್ ತಲೆಯಾಡಿಸಿದ. ಹೊಸದು ಮಾಡಲು ದಿನ ಸಾಲದು, ದೀಪಾವಳಿ ಕಳೆದ ಕೂಡಲೇ ಅವನು ಹೊರಡುವವನು.

ಒಂದೇ ಒಂದು ದಾರಿ ಉಂಟು, ಎಂದ. ಎರಡೂ ತುದಿಯನ್ನು ಕತ್ತರಿಸಿ ಬಿಲ್ಲನ್ನು ಗಿಡ್ಡ ಮಾಡಿದರೆ ಬಲ ಏರುತ್ತದೆ, ಆದರೆ ದಣಿದ ಮರ, ಹೇಳಲಾಗದು. ನಾನು ಅವನ ಗರಗಸವನ್ನೇ ಇಸಿದುಕೊಂಡು ಅಲ್ಲೇ ಕತ್ತರಿಸಿದೆ. ಹೆದೆಗೆ ಗಂಟು ಹಾಕಿ ಗಿಡ್ಡ ಮಾಡಿದೆ. ಕೊಕ್ಕೆಗೆ ಸಿಕ್ಕಿಸಿ ಎಳೆದೆ. ಮೂವತ್ತೆಂಟು. ಮೂವತ್ತೊಂಬತ್ತು. ನಲವತ್ತು ಎಂದು ಬಾಸ್ ಬಾಯಿಬಿಟ್ಟು ಹೇಳಿದ್ದು ಕೇಳಿಸಿತು, ಅದರ ಜೊತೆಗೇ ಟಪ್ಪೆಂದಿತು. ಅರ್ಧ ಬಿಲ್ಲು ಹುಲ್ಲಿನ ಮೇಲೆ ಹೋಗಿ ಬಿತ್ತು. ಎರಡು ತುಂಡಿನ ನಡುವೆ ಪಂಚೆಯ ರೇಷ್ಮೆ ಪಟ್ಟಿ ಮಾತ್ರ ಕಿತ್ತಿರಲಿಲ್ಲ, ಜೋತಾಡುತ್ತಿತ್ತು.

ನನ್ನ ಗಂಡ ಹೋದ. ಶಟ್‌ಡೌನ್ ಕೆಲಸವನ್ನು ಇನ್ನೊಬ್ಬರು ನೋಡಿಕೊಂಡರಂತೆ. ಏರ್‌ಪೋರ್ಟಿನಲ್ಲಿ, ಕಂಬಳಿ ಸುತ್ತಿದ ಬಿಲ್ಲನ್ನು ಹಿಡಿದುಕೊಂಡು, "ನಿಂಗೆ ಬೇಜಾರಾಗಿದ್ರೆ ಹೋಗಲ್ಲ" ಎಂದ. "ಬೇಜಾರಾಗಿದೆ, ಹೋಗು" ಎಂದೆ. ಅವನಿಲ್ಲದ ಆ ದಿನಗಳಲ್ಲಿ ನಾನು ಅಡುಗೆ ಸರಿಯಾಗಿ ಮಾಡಲಿಲ್ಲ, ಹಾಕರ್ ಸೆಂಟರಿನಲ್ಲಿ ಏನೋ ತಿಂದು ಬರುತ್ತಿದ್ದೆ. ಈಗ ಗಾಡಿಯಲ್ಲಿ ಕೂತಿರುತ್ತಾನೆ, ಈಗ ಕಬ್ಬಿನ ಅಂಚಿನಲ್ಲಿ ಬಗ್ಗಿ ನಡೆಯುತ್ತಿರುತ್ತಾನೆ. ಹಾಳಾದವನು, ಗುನುಗುತ್ತಿರುತ್ತಾನೆ, ಹಂದಿ ಓಡಿಹೋಗುತ್ತದೆ, ಎಂದೆಲ್ಲ ಲೆಕ್ಕ ಹಾಕುತ್ತಿದ್ದೆ. ಓಡಿಹೋಗಲಿ ಎಂದೂ ಬೇಡಿಕೊಂಡೆ.

ಬಿಸಿಲಿಗೆ ಕೆಂಪಾಗಿ, ಗಡ್ಡ ಬಿಟ್ಟುಕೊಂಡು ಬಂದ. ಬಂದವನೇ ಹಸಿವು ಎಂದ. ಅನ್ನ ಸಾರು ಬಡಿಸಿ ಎದುರಿಗೆ ಕೂತೆ.

"ಹಂದಿ ಸಿಕ್ತಾ?"

"ಸಿಕ್ತು. ಒಂದು ನೀರಿನ ಹೊಂಡದ ಹತ್ರ. ಆ ಕಿಟಕಿ ಇದೆಯಲ್ಲ, ಅದಕ್ಕಿಂತ ಸ್ವಲ್ಪ ದೂರ. ಬಾಸ್ ನಂಗೇ ಸನ್ನೆ ಮಾಡಿದ್ರು, ನೀನು ಹೊಡಿ ಅಂತ."

"ಹೇಗ್ ನಿಂತಿತ್ತು?"

"ಅಡ್ಡ."

"ಮುಂಗಾಲು?"

"ಮುಂದಿಟ್ಟಿತ್ತು. ಫ್ರಿಜ್ ಮೇಲಿದೆಯಲ್ಲ, ಸೇಮ್ ಹಾಗೇ."

"ಆಮೇಲೆ?"

"ಎಳೆದೆ. ಫುಲ್ ಎಳೆದೆ. ಆಮೇಲೆ ಮೆಲ್ಲಗೆ ವಾಪಸ್ ಬಿಟ್ಟೆ. ಹೊಡೀಲಿಲ್ಲ." ಅವನು ತುತ್ತು ನುಂಗಿ ನೀರು ಕುಡಿದ. "ಯಾಕೋ ಗೊತ್ತಿಲ್ಲ ಕಣೆ. ಅಷ್ಟು ಹತ್ರದಿಂದ ನೋಡಿದ್ನಲ್ಲ, ಅದೇ ಸಾಕು ಅನ್ನಿಸ್ತು. ಬಾಸೂ ಏನೂ ಅನ್ಲಿಲ್ಲ. ಇನ್ನೊಂಚೂರು ಸಾರು ಹಾಕು."

ಸೌಟು ಎತ್ತಿಕೊಂಡೆ. ಬಾಣ ಗುರಿ ತಪ್ಪಿದ್ದರೆ ನಾನು ಒಳಗೊಳಗೇ ಕುಣಿಯುತ್ತಿದ್ದೆ. ಹಂದಿಯನ್ನು ಹೊಡೆದು ಬಂದಿದ್ದರೆ ಒಂದು ವಾರ ಉರಿದು ಸುಮ್ಮನಾಗುತ್ತಿದ್ದೆ. ಕೈಗೆ ಸಿಕ್ಕಿದ್ದನ್ನು ಬೇಡವೆಂದು ಕೆಳಗಿಟ್ಟು ನಗುನಗುತ್ತಾ ಬಂದವನನ್ನು ಏನು ಮಾಡುವುದು? ನಾನಾಗಿದ್ದರೆ ಬಾಣ ಬಿಡುತ್ತಿದ್ದೆ. ಆ ಕಾಲಿನ ಹಿಂದೆ, ಬಾಸ್ ಗೀಚಿದ್ದ ಚುಕ್ಕೆಯ ಮೇಲೆಯೇ ಬಿಡುತ್ತಿದ್ದೆ. ಸಾರು ಹಾಕಿದೆ.

ಮುಂದೆ ನನಗೂ ಕೆಲಸ ಸಿಕ್ಕಿತು, ನನ್ನ ಕೊರಳಿಗೂ ಬ್ಯಾಡ್ಜ್ ಬಂತು, ಅವನಿಗಿಂತ ಮೊದಲೇ ಮ್ಯಾನೇಜರ್ ಆದೆ. ಆದರೂ ಆ ಹಂದಿ ನನ್ನ ತಲೆಯಿಂದ ಹೋಗಲಿಲ್ಲ. ಮೀಟಿಂಗಿನ ನಡುವೆ, ಎಂಆರ್‌ಟಿ ರೈಲಿನಲ್ಲಿ ನಿಂತಾಗ, ಅದು ನೀರಿನ ಹತ್ತಿರ ಬಂದು ಅಡ್ಡ ನಿಲ್ಲುತ್ತದೆ. ಒಂದು ವಿಷಯ ಮಾತ್ರ ನನಗೆ ಗೊತ್ತಿರಲಿಲ್ಲ. ಅದರ ಮುಖ ಎಡಕ್ಕಿತ್ತೋ ಬಲಕ್ಕಿತ್ತೋ ಅವತ್ತು ಕೇಳಿರಲಿಲ್ಲ, ಆಮೇಲೆ ಕೇಳಲು ಬಿಗುಮಾನ ಬಿಡಲಿಲ್ಲ. ಮೊನ್ನೆ ಬೆಳಗ್ಗೆ ತಡೆಯಲಾರದೆ ಕೇಳಿಯೇಬಿಟ್ಟೆ.

"ಆ ಹಂದಿ ಯಾವ ಕಡೆ ಮುಖ ಮಾಡಿತ್ತೋ?"

ಅವನು ಪೇಪರಿನಿಂದ ತಲೆ ಎತ್ತಿದ. ಪಾಪ, ನಿಜವಾಗಿಯೂ ನೆನಪು ಮಾಡಿಕೊಳ್ಳಲು ನೋಡಿದ.

"ಯಾವ ಹಂದಿ?" ಎಂದ.